ಚಕ್ರಗಳ ಮೇಲಿನ ಮನೆಗೆ ದಾರಿ ಯಾವುದು?

ಮನೆಯೊಂದಕ್ಕೆ ಗಾಲಿಗಳನ್ನೂ ಎಂಜಿನನ್ನೂ ಜೋಡಿಸಿ ಹೆದ್ದಾರಿಯ ಮೇಲೆ ಓಡಿಸಿದರೆ ಹೇಗಿರಬಹುದು? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದು ಬರಿಯ ಕಲ್ಪನೆಯಲ್ಲ. ಅಡಿಗೆಯ ಒಲೆ, ಮಂಚ, ಸ್ನಾನದ ಕೋಣೆ, ನೀರಿನ ತೊಟ್ಟಿ, ಇವೆಲ್ಲವನ್ನೂ ಒಳಗೊಂಡ ವಾಹನವನ್ನು ಅಲ್ಲಿ ಮೋಟಾರ್‌ಹೋಮ್ ಎಂದು ಕರೆಯುತ್ತಾರೆ. ಅಯೋವಾ ರಾಜ್ಯದ ವಿನ್ನೆಬೇಗೊ ಸಂಸ್ಥೆಯು 1966ರಲ್ಲಿ ಇಂಥ ವಾಹನಗಳನ್ನು ತಯಾರಿಸತೊಡಗಿತು. ಇಂದು ರಜೆಯ ದಿನಗಳಲ್ಲಿ ಮನೆಮಂದಿಯೆಲ್ಲ ಇವುಗಳಲ್ಲಿ ಕುಳಿತು ಕಾಡುಮೇಡುಗಳ ನಡುವಣ ಉದ್ಯಾನಗಳಿಗೆ ಹೋಗಿ, ಅಲ್ಲಿನ ಬಿಡಾರದ ಬಯಲಿನಲ್ಲಿ ತಂಗುವುದು ವಾಡಿಕೆಯಾಗಿದೆ.

ದೊಡ್ಡ ಮೋಟಾರ್‌ಹೋಮ್ ಒಂದರ ಅಳತೆಗಳನ್ನು ನೋಡೋಣ. ಉದ್ದ 40 ಅಡಿ, ಎಂದರೆ 12 ಮೀಟರಿಗಿಂತ ತುಸು ಹೆಚ್ಚು. ನಮ್ಮ ನಗರಗಳ ದೊಡ್ಡ ಬಸ್ಸಿನಷ್ಟು. ಅಗಲ ಎಂಟೂವರೆ ಅಡಿ. ಎತ್ತರ 12ರಿಂದ 13 ಅಡಿ. ತೂಕ ಸುಮಾರು 15 ಟನ್. ಬಸ್ಸಿನ ಚಾಲಕನು ತರಬೇತಿ ಪಡೆದವನು. ಪ್ರತಿದಿನವೂ ಅದೇ ದಾರಿಯಲ್ಲಿ ಓಡಾಡಿ ಪಳಗಿದವನು. ಮೋಟಾರ್‌ಹೋಮನ್ನು ನಡೆಸುವವನಾದರೋ ಬಹುಮಟ್ಟಿಗೆ ಗೃಹಸ್ಥನು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಕಾರಿನ ಪರವಾನಗಿ ಇದ್ದರೆ ಸಾಕು, ಇದನ್ನೂ ನಡೆಸಬಹುದು. ವರ್ಷದ ಐವತ್ತು ವಾರ ಕಾರನ್ನು ಓಡಿಸಿದ ಕೈಗೆ ಉಳಿದೆರಡು ವಾರ ಈ ಹಡಗಿನಂಥ ವಾಹನ ಬಂದು ಸೇರುತ್ತದೆ. ಒಳಗೆ ಹೆಂಡತಿ ಮಕ್ಕಳು ಕುಳಿತಿರುತ್ತಾರೆ. ಇಂಥವನು ತಾನು ಕಂಡರಿಯದ ಬೆಟ್ಟದ ನಾಡಿನಲ್ಲಿ ದಾರಿಯನ್ನು ಹೇಗೆ ಆರಿಸಿಕೊಳ್ಳಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಶಾಲೆಯಲ್ಲಿ ಕಲಿತ ರೇಖಾಗಣಿತ ಮತ್ತು ಭೌತಶಾಸ್ತ್ರಗಳೇ ನಮಗೆ ನೆರವಾಗುವುದನ್ನು ಕಾಣುತ್ತೇವೆ.

ಒಂದು ಊರು, ನಾಲ್ಕು ದಾರಿಗಳು

ನಿಜವಾದ ಒಂದು ಉದಾಹರಣೆಯನ್ನು ಎತ್ತಿಕೊಳ್ಳೋಣ. ಅಮೆರಿಕದ ನಟ್ಟನಡುವಣ ಬಯಲುಸೀಮೆಯಲ್ಲಿ ದಕ್ಷಿಣ ಡಕೋಟ ಎಂಬ ರಾಜ್ಯವಿದೆ. ಅದರ ಪಶ್ಚಿಮದ ಅಂಚಿನಲ್ಲಿ ಬ್ಲ್ಯಾಕ್ ಹಿಲ್ಸ್ ಎಂಬ ಬೆಟ್ಟಗಳು ಎದ್ದಿವೆ. ಇಳಿಜಾರುಗಳನ್ನೆಲ್ಲ ಮುಚ್ಚಿರುವ ಪೈನ್ ಮರಗಳಿಂದಾಗಿ ದೂರಕ್ಕೆ ಕಪ್ಪಾಗಿ ತೋರುವುದರಿಂದ ಅವಕ್ಕೆ ಕರಿಬೆಟ್ಟಗಳೆಂಬ ಅರ್ಥದ ಆ ಹೆಸರು. ಈ ಬೆಟ್ಟಗಳಲ್ಲಿ ಸುಮಾರು 71,000 ಎಕರೆ ವಿಸ್ತಾರದ ಕಸ್ಟರ್ ರಾಜ್ಯ ಉದ್ಯಾನವಿದೆ. ಕಾಡೆಮ್ಮೆಯನ್ನು ಹೋಲುವ ಬೈಸನ್ ಎಂಬ ಪ್ರಾಣಿಗಳ ದೊಡ್ಡ ಹಿಂಡು ಅಲ್ಲಿ ಸ್ವಚ್ಛಂದವಾಗಿ ಮೇಯುತ್ತದೆ. ಉದ್ಯಾನದ ಪೂರ್ವಭಾಗದಲ್ಲಿ ‘ಗೇಮ್ ಲಾಡ್ಜ್’ ಎಂಬ ಹಳೆಯ ವಸತಿಗೃಹವೂ ಅದರ ಬಳಿಯಲ್ಲಿ ಒಂದು ಬಿಡಾರದ ಬಯಲೂ ಇವೆ. ರಾಷ್ಟ್ರಾಧ್ಯಕ್ಷ ಕಾಲ್ವಿನ್ ಕೂಲಿಜ್ 1927ರ ಬೇಸಿಗೆಯನ್ನು ಕಳೆದದ್ದು ಆ ವಸತಿಗೃಹದಲ್ಲಿಯೇ.

ನಮ್ಮ ಗೃಹಸ್ಥನು ಉತ್ತರದಲ್ಲಿರುವ ರಾಪಿಡ್ ಸಿಟಿ ಎಂಬ ಪಟ್ಟಣಕ್ಕೆ ಬಂದಿದ್ದಾನೆ. ಸಂಜೆಯೊಳಗೆ ಆ ಬಯಲನ್ನು ಸೇರಬೇಕಾಗಿದೆ. ಅವನೆದುರು ನಾಲ್ಕು ದಾರಿಗಳಿವೆ. ಮೊದಲನೆಯದು ಕೀಸ್ಟೋನ್ ಎಂಬ ಊರಿನ ಮೇಲಿಂದ ಹಾಯ್ದು ಬರುವ ‘ಐರನ್ ಮೌಂಟನ್’ ರಸ್ತೆ. ಎರಡನೆಯದು ಸಿಲ್ವನ್ ಸರೋವರದ ಬಳಿಯಿಂದ ಇಳಿಯುವ ‘ನೀಡಲ್ಸ್’ ಹೆದ್ದಾರಿ. ಮೂರನೆಯದು ಹಿಲ್ ಸಿಟಿ ಮತ್ತು ಕಸ್ಟರ್ ಎಂಬ ಪಟ್ಟಣಗಳನ್ನು ಬಳಸಿ, ಪಶ್ಚಿಮದಿಂದ ಉದ್ಯಾನವನ್ನು ಸೇರುತ್ತದೆ. ನಾಲ್ಕನೆಯದು ಬೆಟ್ಟವನ್ನು ಹತ್ತದೆ, ಅದರ ಬುಡದ ಬಯಲಿನಲ್ಲಿಯೇ 79ನೆಯ ಸಂಖ್ಯೆಯ ಹೆದ್ದಾರಿಯಲ್ಲಿ ಹರ್ಮೋಸಾ ಎಂಬ ಊರಿಗೆ ಹೋಗಿ, ಅಲ್ಲಿಂದ 36ನೆಯ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ತಿರುಗುತ್ತದೆ.

ಕಾರಿನ ಪ್ರವಾಸಿಗೆ ಮೊದಲಿನ ಎರಡು ದಾರಿಗಳಷ್ಟು ಸೊಗಸಾದುವು ಬೇರೆಯಿಲ್ಲ. ಇವೆರಡನ್ನೂ ಯೋಜಿಸಿದವನು ಆ ರಾಜ್ಯದ ಗವರ್ನರನಾಗಿ ಬಳಿಕ ಸೆನೆಟರನಾದ ಪೀಟರ್ ನಾರ್ಬೆಕ್. ರಸ್ತೆ ಎಲ್ಲೆಲ್ಲಿ ಹೋಗಬೇಕೆಂಬುದನ್ನು ಆತನು ಕಾಲುನಡಿಗೆಯಲ್ಲಿಯೂ ಕುದುರೆಯ ಮೇಲೆಯೂ ಅಲೆದು ಗುರುತಿಸಿದನು. ನೀಡಲ್ಸ್ ಹೆದ್ದಾರಿ 1922ರಲ್ಲಿ ಮುಗಿಯಿತು. ಸೂಜಿಗಳಂತೆ ನಿಂತ ಕಲ್ಲಿನ ಶಿಖರಗಳ ನಡುವೆ ಬಂಡೆಯನ್ನು ಕೊರೆದು ಅದಕ್ಕೆ ಸುರಂಗಗಳನ್ನು ಮಾಡಿದರು. ಐರನ್ ಮೌಂಟನ್ ರಸ್ತೆಯ ಉದ್ದ 17 ಮೈಲಿ. ಅದರಲ್ಲಿ 314 ತಿರುವುಗಳು, ಒಂದೇ ವಾಹನ ನುಸುಳಬಲ್ಲ ಮೂರು ಸುರಂಗಗಳು, ಹಂದಿಯ ಬಾಲದಂತೆ ಸುತ್ತಿಕೊಂಡು ತನ್ನ ಮೇಲೆಯೇ ತಾನು ಹಾಯುವ ಮರದ ಸೇತುವೆಗಳು ಮೂರು. ಸುರಂಗಗಳ ಬಾಯಿಂದ ನೋಡಿದರೆ ರಷ್‌ಮೋರ್ ಬೆಟ್ಟದಲ್ಲಿ ಕೆತ್ತಿದ ನಾಲ್ವರು ಅಧ್ಯಕ್ಷರ ಮುಖಗಳು ಚೌಕಟ್ಟಿನಲ್ಲಿಟ್ಟ ಚಿತ್ರದಂತೆ ಕಾಣುತ್ತವೆ. ಜನರು ನಿಧಾನವಾಗಿ ಹೋಗಲಿ ಎಂಬುದೇ ನಾರ್ಬೆಕನ ಉದ್ದೇಶವಾಗಿತ್ತು. ಆದರೆ ಆತನ ಕಣ್ಣೆದುರು ಇದ್ದುದು ಆ ಕಾಲದ ಫೋರ್ಡ್ ಕಾರು. ಅದರ ಅಗಲ ಆರು ಅಡಿಯೂ ಇರಲಿಲ್ಲ.

ಅಗಲ ಮತ್ತು ಎತ್ತರ

ನೀಡಲ್ಸ್ ಹೆದ್ದಾರಿಯ ‘ಸೂಜಿಗಣ್ಣು’ ಎಂಬ ಸುರಂಗದ ಅಗಲ ಸುಮಾರು 8 ಅಡಿ. ನಮ್ಮ ವಾಹನದ ಅಗಲ ಎಂಟೂವರೆ ಅಡಿ. ಇಕ್ಕೆಲದ ಕನ್ನಡಿಗಳು ಇದಕ್ಕೆ ಹೊರತು. ಇಲ್ಲಿ ಚಾಲಕನ ಕೌಶಲಕ್ಕೆ ಎಡೆಯೇ ಇಲ್ಲ. ಅಂಕಗಣಿತದ ಒಂದು ವ್ಯವಕಲನದಿಂದಲೇ ಆ ದಾರಿ ಮುಚ್ಚಿಹೋಯಿತು.

ಎತ್ತರದ ವಿಷಯ ಇಷ್ಟು ಸರಳವಲ್ಲ. ಉತ್ತರ ಕೆರೊಲಿನ ರಾಜ್ಯದ ಡರ್ಹಮ್ ನಗರದಲ್ಲಿ ರೈಲು ಸೇತುವೆಯೊಂದಿದೆ. ಅದರ ಕೆಳಗೆ ಉಳಿದಿದ್ದ ಎತ್ತರ 11 ಅಡಿ 8 ಅಂಗುಲ. ಎಚ್ಚರಿಕೆಯ ಫಲಕಗಳಿದ್ದವು; ಎತ್ತರದ ವಾಹನ ಬಂದೊಡನೆ ಕೆಂಪು ದೀಪ ಬೆಳಗುವ ಏರ್ಪಾಟನ್ನೂ 2016ರಲ್ಲಿ ಮಾಡಿದರು. ಆದರೂ ಬಾಡಿಗೆಯ ಲಾರಿಗಳೂ ಮೋಟಾರ್‌ಹೋಮುಗಳೂ ಅದಕ್ಕೆ ಬಡಿದು ಛಾವಣಿಯನ್ನು ಕಳೆದುಕೊಳ್ಳುವುದು ನಿಲ್ಲಲಿಲ್ಲ. ರಸ್ತೆಯನ್ನು ಅಗೆದು ತಗ್ಗಿಸೋಣವೆಂದರೆ ಅದರಡಿಯಲ್ಲಿ ಚರಂಡಿಯ ದೊಡ್ಡ ಕೊಳವೆ ಅಡ್ಡವಾಗಿತ್ತು. ಕೊನೆಗೆ 2019ರಲ್ಲಿ ಸೇತುವೆಯನ್ನೇ 8 ಅಂಗುಲ ಮೇಲೆತ್ತಿದರು. ಆ ತರುವಾಯವೂ ವಾಹನಗಳು ಬಡಿದದ್ದುಂಟು. ಕಾರಣವೇನು? ಕಾರಿನವನು ತನ್ನ ತಲೆಯ ಮೇಲೆ ಎಷ್ಟು ಎತ್ತರವಿದೆಯೆಂದು ಎಂದೂ ಯೋಚಿಸಿದವನಲ್ಲ. ಫಲಕವನ್ನು ಅವನು ಓದುತ್ತಾನೆ. ಆದರೆ ಅದರೊಡನೆ ಹೋಲಿಸಿ ನೋಡಲು ತನ್ನ ವಾಹನದ ಅಳತೆ ಅವನ ಮನಸ್ಸಿನಲ್ಲಿ ಇರುವುದಿಲ್ಲ.

ಆದುದರಿಂದ ಹೊರಡುವ ಮೊದಲು ವಾಹನದ ಎತ್ತರವನ್ನು ಸ್ವತಃ ಅಳೆದು, ಕಾಗದದ ಮೇಲೆ ಬರೆದು, ಕಣ್ಣೆದುರಿಗೆ ಅಂಟಿಸಿಕೊಳ್ಳುವುದು ಒಳ್ಳೆಯದು. ಛಾವಣಿಯ ಮೇಲೆ ಕೂರಿಸಿದ ಹವಾನಿಯಂತ್ರಕದ ತುದಿಯವರೆಗೂ ಅಳೆಯಬೇಕು. ಕಮಾನಿನ ಸೇತುವೆಯಾದರೆ ನಡುವೆ ಇರುವಷ್ಟು ಎತ್ತರ ಅಂಚಿನಲ್ಲಿ ಇರುವುದಿಲ್ಲವೆಂಬುದನ್ನು ನೆನಪಿಡಬೇಕು. ರಸ್ತೆಗೆ ಹೊಸದಾಗಿ ಡಾಂಬರು ಹಾಕಿದರೆ ಅದರ ದಪ್ಪದಷ್ಟು ಎತ್ತರ ಕಡಿಮೆಯಾಗುತ್ತದೆ. ಇನ್ನೊಂದು ಸ್ವಾರಸ್ಯವಿದೆ. ಸೇತುವೆಯ ಕೆಳಗೆ ರಸ್ತೆ ತಗ್ಗಿ ಮತ್ತೆ ಏರುತ್ತಿದ್ದರೆ, ಉದ್ದದ ವಾಹನದ ಮುಂದಿನ ಗಾಲಿಗಳು ತಗ್ಗಿನ ಒಂದು ಬದಿಯಲ್ಲಿಯೂ ಹಿಂದಿನವು ಇನ್ನೊಂದು ಬದಿಯಲ್ಲಿಯೂ ನಿಂತು, ನಡುವಣ ಒಡಲು ತಗ್ಗಿನ ಮೇಲೆ ಹಲಗೆಯಂತೆ ಚಾಚಿಕೊಳ್ಳುತ್ತದೆ. ತಗ್ಗಿನ ತಳದಿಂದ ಅಳೆದರೆ ಆಗ ವಾಹನದ ಎತ್ತರ ಕೆಲವು ಅಂಗುಲ ಹೆಚ್ಚಿದಂತೆಯೇ ಸರಿ.

ಹಿಂದಿನ ಗಾಲಿಯ ರಹಸ್ಯ

ಅಗಲವೂ ಎತ್ತರವೂ ಒಗ್ಗಿದವೆಂದೇ ಇಟ್ಟುಕೊಳ್ಳೋಣ. ಆಗ ಉದ್ದ ಎದ್ದುನಿಂತು ತನ್ನ ಪ್ರಶ್ನೆಯನ್ನು ಕೇಳುತ್ತದೆ. ಇದನ್ನು ತಿಳಿಯಲು ಓದುಗರು ಒಂದು ಸುಲಭವಾದ ಪ್ರಯೋಗವನ್ನು ಮಾಡಬಹುದು. ಸೈಕಲ್ಲಿನ ಗಾಲಿಗಳನ್ನು ನೀರಿನಲ್ಲಿ ತೋಯಿಸಿ, ಒಣಗಿದ ಅಂಗಳದಲ್ಲಿ ವೃತ್ತಾಕಾರವಾಗಿ ತಳ್ಳಿಕೊಂಡು ಹೋಗಿ. ನೆಲದ ಮೇಲೆ ಎರಡು ಗೆರೆಗಳು ಮೂಡುತ್ತವೆ. ಹಿಂದಿನ ಗಾಲಿಯ ಗೆರೆ ಮುಂದಿನ ಗಾಲಿಯ ಗೆರೆಯ ಮೇಲೆಯೇ ಬೀಳದೆ ಒಳಬದಿಗೆ ಸರಿದಿರುತ್ತದೆ.

ಹಿಂದಿನ ಗಾಲಿ ಅತ್ತಿತ್ತ ತಿರುಗಲಾರದು. ತಾನು ಮುಖಮಾಡಿದ ದಿಕ್ಕಿಗೆ ಮಾತ್ರ ಉರುಳಬಲ್ಲದು. ಆದುದರಿಂದ ತಿರುವಿನ ಕೇಂದ್ರ ಯಾವಾಗಲೂ ಹಿಂದಿನ ಅಚ್ಚಿನ ನೇರದಲ್ಲಿಯೇ ಇರಬೇಕು. ಈಗ ಕೇಂದ್ರದಿಂದ ಹಿಂದಿನ ಅಚ್ಚಿಗೆ ಒಂದು ಗೆರೆ, ಅಲ್ಲಿಂದ ಮುಂದಿನ ಅಚ್ಚಿಗೆ ಒಂದು ಗೆರೆ, ಮುಂದಿನ ಅಚ್ಚಿನಿಂದ ಕೇಂದ್ರಕ್ಕೆ ಇನ್ನೊಂದು ಗೆರೆ ಎಳೆದರೆ ಲಂಬಕೋನ ತ್ರಿಭುಜವಾಗುತ್ತದೆ. ಮುಂದಿನ ಅಚ್ಚಿನ ತ್ರಿಜ್ಯವೇ ಅದರ ಕರ್ಣ. ಕರ್ಣ ಎಂದಿಗೂ ಉಳಿದ ಭುಜಗಳಿಗಿಂತ ದೊಡ್ಡದು. ಹೀಗಾಗಿ ಹಿಂದಿನ ಅಚ್ಚಿನ ತ್ರಿಜ್ಯ ಚಿಕ್ಕದಾಗಲೇಬೇಕು. ಪೈಥಾಗೊರಸನ ಪ್ರಮೇಯವು ಹೀಗೆ ಪ್ರತಿಯೊಂದು ತಿರುವಿನಲ್ಲಿಯೂ ಕೆಲಸಮಾಡುತ್ತಿರುತ್ತದೆ.

ಲೆಕ್ಕವನ್ನು ಮಾಡಿ ನೋಡೋಣ. ಮುಂದಿನ ಅಚ್ಚು 15 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸಾಗುತ್ತಿದೆಯೆಂದು ಭಾವಿಸಿ. ಕಾರಿನ ಎರಡು ಅಚ್ಚುಗಳ ನಡುವಣ ದೂರ ಎರಡೂವರೆ ಮೀಟರ್. 15ರ ವರ್ಗದಿಂದ 2.5ರ ವರ್ಗವನ್ನು ಕಳೆದು ವರ್ಗಮೂಲವನ್ನು ತೆಗೆದರೆ 14.79 ಬರುತ್ತದೆ. ಹಿಂದಿನ ಗಾಲಿಗಳು ಒಳಕ್ಕೆ ಸರಿದದ್ದು 21 ಸೆಂಟಿಮೀಟರ್ ಮಾತ್ರ. ಕಾರಿನವನಿಗೆ ಇದು ಗಮನಕ್ಕೂ ಬರುವುದಿಲ್ಲ. ಮೋಟಾರ್‌ಹೋಮಿನಲ್ಲಿ ಅಚ್ಚುಗಳ ಅಂತರ 7 ಮೀಟರ್ ಇದ್ದರೆ ಹಿಂದಿನ ತ್ರಿಜ್ಯ 13.27 ಆಗುತ್ತದೆ. ಗಾಲಿಗಳು ಒಳಕ್ಕೆ 1.73 ಮೀಟರ್ ಸರಿಯುತ್ತವೆ! ಅಂತರ ಮೂರು ಪಟ್ಟಿಗಿಂತ ಕಡಿಮೆ ಹೆಚ್ಚಿದರೂ ಸರಿತ ಎಂಟು ಪಟ್ಟಾಯಿತು. ಸರಿತವು ಅಂತರದ ವರ್ಗವನ್ನು ಅನುಸರಿಸಿ ಬೆಳೆಯುವುದೇ ಇದಕ್ಕೆ ಕಾರಣ. ಚಾಲಕನ ಮುಂಭಾಗ ಸುರಂಗದ ಬಾಯನ್ನು ಸರಿಯಾಗಿ ಹೊಕ್ಕಿದ್ದರೂ ಬೆನ್ನ ಹಿಂದಿನ ಒಡಲು ಬಂಡೆಯನ್ನು ಒರಸಬಹುದು. ಊರಿನ ಮೂಲೆಯಲ್ಲಾದರೆ ಹಿಂದಿನ ಗಾಲಿ ಕಾಲುದಾರಿಯನ್ನು ಹತ್ತಬಹುದು. ಅಲ್ಲಿ ಮನುಷ್ಯರು ನಿಂತಿರುತ್ತಾರೆ.

ಆದುದರಿಂದ ಬಲ್ಲ ಚಾಲಕರು ಮೂಲೆ ಬಂದ ಕೂಡಲೆ ತಿರುಗಿಸುವುದಿಲ್ಲ. ತಮ್ಮ ಆಸನವು ಮೂಲೆಯನ್ನು ದಾಟಿ ಮುಂದೆ ಹೋಗುವವರೆಗೂ ನೇರವಾಗಿ ನಡೆಸಿ, ಆಮೇಲೆ ಸ್ಟೀರಿಂಗನ್ನು ತಿರುಗಿಸುತ್ತಾರೆ.

ಬಾಲದ ಸಂಗತಿ ಇದಕ್ಕೆ ವಿರುದ್ಧ. ಹಿಂದಿನ ಅಚ್ಚಿನಿಂದಾಚೆಗೆ ವಾಹನವು 3.7 ಮೀಟರ್ ಚಾಚಿಕೊಂಡಿದ್ದರೆ, ತಿರುಗತೊಡಗಿದಾಗ ಅದರ ಹೊರಮೂಲೆ ತಿರುವಿನ ವಿರುದ್ಧ ದಿಕ್ಕಿಗೆ ಬೀಸುತ್ತದೆ. ಮೇಲಿನ ವೃತ್ತಕ್ಕೇ ಲೆಕ್ಕ ಹಾಕಿದರೆ ಈ ಬೀಸು ಸುಮಾರು 46 ಸೆಂಟಿಮೀಟರ್, ಒಂದೂವರೆ ಅಡಿ. ಪೆಟ್ರೋಲ್ ಬಂಕಿನ ಕಂಬದ ಪಕ್ಕದಿಂದ ಥಟ್ಟನೆ ತಿರುಗಿಸಿದವನ ವಾಹನಕ್ಕೆ ಪೆಟ್ಟು ತಗಲುವುದು ಬಹುತೇಕ ಹೀಗೆಯೇ.

ಇಳಿಜಾರಿನ ಲೆಕ್ಕ

ಉಳಿದದ್ದು ತೂಕ. 15 ಟನ್ನಿನ ವಾಹನವು ಬೆಟ್ಟದ ಮೇಲಿಂದ 300 ಮೀಟರ್ ಕೆಳಗಿಳಿದರೆ ಅದು ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ ಸುಮಾರು 4 ಕೋಟಿ 40 ಲಕ್ಷ ಜೂಲ್. ವಾಹನದ ವೇಗ ಹೆಚ್ಚಬಾರದಾದರೆ ಈ ಶಕ್ತಿ ಎಲ್ಲಾದರೂ ಹೋಗಬೇಕು. ಗಾಳಿಯ ತಡೆಯೂ ಗಾಲಿಗಳ ಘರ್ಷಣೆಯೂ ಅದರಲ್ಲಿ ಒಂದು ಪಾಲನ್ನು ತೆಗೆದುಕೊಳ್ಳುತ್ತವೆ. ಉಳಿದದ್ದನ್ನೆಲ್ಲ ಬ್ರೇಕಿನ ಮೇಲೆಯೇ ಹೊರಿಸಿದರೆ ಅದು ಶಾಖವಾಗಿ ಲೋಹದಲ್ಲಿ ಸೇರುತ್ತದೆ. ಈ ಮೊತ್ತದ ಶಾಖದಿಂದ 140 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಓಡುವ ಇದೇ ವಾಹನವನ್ನು ಒಂಬತ್ತು ಸಲ ಬೆನ್ನುಬೆನ್ನಿಗೆ ನಿಲ್ಲಿಸಿದಷ್ಟು ಕೆಲಸ ಅದು. ವಿಪರೀತ ಕಾದ ಬ್ರೇಕಿನಲ್ಲಿ ಘರ್ಷಣೆ ಕುಗ್ಗುತ್ತದೆ. ಎಷ್ಟು ಒತ್ತಿದರೂ ಅದು ಹಿಡಿಯುವುದಿಲ್ಲ. ಬೆಟ್ಟದ ರಸ್ತೆಯಲ್ಲಿ ಇದಕ್ಕಿಂತ ಭಯಂಕರವಾದ ಗಳಿಗೆ ಚಾಲಕನಿಗೆ ಬೇರೆಯಿಲ್ಲ. ಇಳಿಜಾರು ಮೊದಲಾಗುವ ಮುನ್ನವೇ ಕೆಳಗಿನ ಗೇರನ್ನು ಹಾಕಿ, ಎಂಜಿನ್ನಿನಿಂದಲೇ ವಾಹನವನ್ನು ತಡೆಹಿಡಿದು, ಬ್ರೇಕನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಒತ್ತುವುದು ಇದಕ್ಕೆ ಪರಿಹಾರ.

ನಕ್ಷೆ ಏನನ್ನು ಹೇಳುವುದಿಲ್ಲ?

ಕೈಯಲ್ಲಿನ ದೂರವಾಣಿಯೇ ದಾರಿ ತೋರಿಸುವ ಈ ಕಾಲದಲ್ಲಿ ಇಷ್ಟೆಲ್ಲ ಚಿಂತೆ ಏಕೆ ಎಂದು ಯಾರಾದರೂ ಕೇಳಬಹುದು. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದು ಭ್ರಮಿಸಬಾರದು. ನಾವು ಎಲ್ಲಿದ್ದೇವೆಂಬುದನ್ನು ತಿಳಿಸುವುವು ಕೃತಕ ಉಪಗ್ರಹಗಳು. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ಬಂದು ಮುಟ್ಟಿದ ಸಮಯವನ್ನು ಹೋಲಿಸಿ, ಯಂತ್ರವು ನಮ್ಮ ನೆಲೆಯನ್ನು ಕೆಲವೇ ಮೀಟರುಗಳ ಅಂತರದೊಳಗೆ ಹೇಳಬಲ್ಲದು. ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ನಿರ್ಧರಿಸುವುದಾದರೋ ಶುದ್ಧ ಗಣಿತ. ಡಚ್ ವಿದ್ವಾಂಸ ಡೈಕ್‌ಸ್ಟ್ರನು 1956ರಲ್ಲಿ ಕಂಡುಹಿಡಿದು 1959ರಲ್ಲಿ ಪ್ರಕಟಿಸಿದ ವಿಧಾನವು ಇದರ ಮೂಲ ತಳಹದಿಗಳಲ್ಲಿ ಒಂದು. ಅದರಲ್ಲಿ ಕೂಡುದಾರಿಗಳೆಲ್ಲ ಬಿಂದುಗಳು, ರಸ್ತೆಗಳೆಲ್ಲ ಅವನ್ನು ಸೇರಿಸುವ ಗೆರೆಗಳು. ಪ್ರತಿಯೊಂದು ಗೆರೆಗೂ ಅದನ್ನು ದಾಟಲು ತಗಲುವ ದೂರವೋ ಕಾಲವೋ ಬೆಲೆಯಾಗಿರುತ್ತದೆ. ಹೊರಟ ಬಿಂದುವಿನಿಂದ ಅತಿ ಸಮೀಪದ ಬಿಂದುವನ್ನು ಮೊದಲು ನಿಶ್ಚಯಿಸಿ, ಅಲ್ಲಿಂದ ಮುಂದಿನವನ್ನು ಸರದಿಯಾಗಿ ನಿಶ್ಚಯಿಸುತ್ತ ಹೋದರೆ ಕೊನೆಗೆ ಅತ್ಯಲ್ಪ ಬೆಲೆಯ ದಾರಿ ದೊರೆಯುತ್ತದೆ.

ಈ ಲೆಕ್ಕದಲ್ಲಿ ದೋಷವೇನೂ ಇಲ್ಲ. ಆದರೆ ಗೆರೆಗೆ ಅಗಲವಿಲ್ಲ, ಎತ್ತರವಿಲ್ಲ. ಕಾರಿಗಾಗಿ ಮಾಡಿದ ಸಾಮಾನ್ಯ ನಕ್ಷೆಯಲ್ಲಿ ಎಂಟಡಿಯ ಸುರಂಗವೂ ಒಂದು ಗೆರೆಯೇ, ನಾಲ್ಕು ಸಾಲಿನ ಹೆದ್ದಾರಿಯೂ ಒಂದು ಗೆರೆಯೇ. ಯಂತ್ರವು ತನ್ನನ್ನು ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತದೆ. ವಾಹನದ ಅಳತೆಯನ್ನು ನಾವು ಹೇಳದಿದ್ದರೆ ಅದು ಊಹಿಸಿಕೊಳ್ಳುವುದಿಲ್ಲ. ಎತ್ತರ, ಅಗಲ, ಉದ್ದ, ತೂಕಗಳನ್ನು ಮೊದಲೇ ತುಂಬಿಸಿಕೊಂಡು, ಹೋಗಲಾರದ ಗೆರೆಗಳನ್ನು ಅಳಿಸಿಹಾಕಿ, ಆಮೇಲೆ ಲೆಕ್ಕವನ್ನು ಹಾಕುವ ಉಪಕರಣಗಳೂ ಈಗ ದೊರೆಯುತ್ತವೆ. ಗಣಿತ ಅದೇ, ಗೆರೆಗಳು ಮಾತ್ರ ಕಡಿಮೆ. ಉತ್ತರ ಬೇರೆಯಾಗುತ್ತದೆ.

ನಮ್ಮ ಗೃಹಸ್ಥನ ನಾಲ್ಕು ದಾರಿಗಳನ್ನು ಈಗ ಹೀಗೆ ಸೋಸಿ ನೋಡೋಣ. ನೀಡಲ್ಸ್ ಹೆದ್ದಾರಿಯನ್ನು ಅಗಲವೇ ತಳ್ಳಿಹಾಕಿತು. ಐರನ್ ಮೌಂಟನ್ ರಸ್ತೆಯನ್ನು ಅದರ ಸುರಂಗಗಳೂ ಬಿಗಿಯಾದ ಸುತ್ತುಗಳೂ ತಳ್ಳಿಹಾಕುತ್ತವೆ. ಕಸ್ಟರ್ ಪಟ್ಟಣದ ದಾರಿ ಆಗಬಹುದಾದರೂ ಅದರಲ್ಲಿ ಬೆಟ್ಟದ ಏರಿಳಿತಗಳುಂಟು. ಹರ್ಮೋಸಾ ಊರಿನ ದಾರಿಯಲ್ಲಿ ಸುರಂಗವಿಲ್ಲ, ಸುತ್ತುಸೇತುವೆಯಿಲ್ಲ. ಬಯಲಿನಿಂದ ನೇರವಾಗಿ ಬಿಡಾರದ ಬಳಿಗೇ ಬಂದು ಸೇರಬಹುದು. ಪೋಸ್ಟ್‌ಕಾರ್ಡಿನ ಮೇಲೆ ಅಚ್ಚಾಗುವಂಥ ನೋಟಗಳು ಆ ದಾರಿಯಲ್ಲಿಲ್ಲ, ನಿಜ. ಆದರೆ ಮನೆಯನ್ನು ಬಯಲಿನಲ್ಲಿ ನಿಲ್ಲಿಸಿದ ಮೇಲೆ, ಚಿಕ್ಕ ಕಾರೊಂದರಲ್ಲಿ ಕುಳಿತು ನಾರ್ಬೆಕನ ಸುರಂಗಗಳನ್ನು ಮರುದಿನ ನೋಡಿಬರಲು ಅಡ್ಡಿಯೇನು?

ಇದೇ ಕಾರಣಕ್ಕಾಗಿ ಅನೇಕರು ಮೋಟಾರ್‌ಹೋಮಿನ ಹಿಂದೆ ಚಿಕ್ಕ ಕಾರೊಂದನ್ನು, ಅದರ ನಾಲ್ಕು ಗಾಲಿಗಳೂ ನೆಲದ ಮೇಲೆಯೇ ಉರುಳುವಂತೆ, ಕಟ್ಟಿ ಎಳೆದೊಯ್ಯುತ್ತಾರೆ. ಇದರಿಂದ ಒಂದು ಹೊಸ ತೊಡಕು ಹುಟ್ಟುತ್ತದೆ. ಕಾರಿನ ಮುಂದಿನ ಗಾಲಿಗಳನ್ನು ಮುಂದಕ್ಕೆ ಎಳೆದಾಗ ತಾವಾಗಿಯೇ ನೇರಗೊಳ್ಳುವಂತೆ ಜೋಡಿಸಿರುತ್ತಾರೆ. ಹಿಂದಕ್ಕೆ ತಳ್ಳಿದರೆ ಅದೇ ಜೋಡಣೆ ಅವನ್ನು ಓರೆಗೆ ಹೊರಳಿಸುತ್ತದೆ. ಅಂಗಡಿಯ ತಳ್ಳುಗಾಡಿಯ ಪುಟ್ಟ ಗಾಲಿಗಳು ದಿಕ್ಕು ಬದಲಿಸಿದ ಕೂಡಲೆ ಗಿರಕ್ಕನೆ ತಿರುಗುವುದನ್ನು ನೋಡಿದವರಿಗೆ ಇದು ಅರ್ಥವಾದೀತು. ಹೀಗಾಗಿ ಕಾರನ್ನು ಬಿಚ್ಚದೆ ಹಿಂದಕ್ಕೆ ನಡೆಸುವಂತಿಲ್ಲ. ತಪ್ಪುದಾರಿಯಲ್ಲಿ ಹೋಗಿ ಸುರಂಗದ ಬಾಯಲ್ಲಿ ನಿಂತವನು, ಹಿಂದೆ ಸಾಲುಗಟ್ಟಿದ ವಾಹನಗಳ ನಡುವೆ, ಕಾರನ್ನು ಬಿಚ್ಚುತ್ತ ಕೂರಬೇಕಾಗುತ್ತದೆ. ದಾರಿಯನ್ನು ಮೊದಲೇ ಆರಿಸಿಕೊಳ್ಳಬೇಕೆನ್ನುವುದು ಇದಕ್ಕಾಗಿಯೇ.

ಬಯಲನ್ನು ಸೇರಿದ ಮೇಲೂ ಕೆಲಸ ಮುಗಿಯಲಿಲ್ಲ. ಜಾಗವನ್ನು ಕಾದಿರಿಸುವಾಗಲೇ ಅದರ ಉದ್ದ ಎಷ್ಟೆಂದು ನೋಡಿರಬೇಕು. 30 ಅಡಿಯ ಜಾಗದಲ್ಲಿ 40 ಅಡಿಯ ಮನೆ ನಿಲ್ಲಲಾರದು. ಮರಗಳ ಕೊಂಬೆಗಳು ನಕ್ಷೆಯಲ್ಲಿ ಕಾಣುವುದಿಲ್ಲವಾದ್ದರಿಂದ ಬೆಳಕಿರುವಾಗಲೇ ಬಂದು ಸೇರಬೇಕು. ದಾರಿಯಲ್ಲಿ ಬೈಸನ್‌ಗಳ ಹಿಂಡು ಅಡ್ಡ ನಿಂತರೆ ಅವು ತಾವಾಗಿ ಸರಿಯುವವರೆಗೂ ಕಾಯಬೇಕಾಗುತ್ತದೆ. ಅದಕ್ಕೂ ಹೊತ್ತನ್ನು ಉಳಿಸಿಕೊಂಡಿರಬೇಕು. ಕೊನೆಗೆ ಹಿಂಬದಿಯಿಂದ ಜಾಗದೊಳಕ್ಕೆ ಸರಿಯುವಾಗ ಮನೆಯವರೊಬ್ಬರು ಕೆಳಗಿಳಿದು, ಚಾಲಕನ ಕನ್ನಡಿಯಲ್ಲಿ ಕಾಣುವಂತೆ ನಿಂತು, ಕೈಸನ್ನೆ ಮಾಡಬೇಕು. ಆ ವ್ಯಕ್ತಿ ಕನ್ನಡಿಯಿಂದ ಮರೆಯಾದ ಕ್ಷಣವೇ ವಾಹನವನ್ನು ನಿಲ್ಲಿಸಬೇಕೆಂಬುದು ನಿಯಮ.

ಸಂದೇಹ ಬಂದಾಗ ಚಾಲಕನೇ ಇಳಿದು, ಹಿಂದಕ್ಕೆ ನಡೆದುಹೋಗಿ, ಕಂಬವೆಲ್ಲಿದೆ, ಕೊಂಬೆಯೆಲ್ಲಿದೆ, ನೆಲ ಹೇಗಿದೆ ಎಂದು ಕಣ್ಣಾರೆ ನೋಡಿಬರುವುದು ಎಲ್ಲಕ್ಕಿಂತ ಮೇಲು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆ ಬೆಟ್ಟದ ರಸ್ತೆಗಳನ್ನು ಯೋಜಿಸಿದ ನಾರ್ಬೆಕನೂ ಮೊದಲು ಅವುಗಳ ಉದ್ದಕ್ಕೂ ನಡೆದೇ ನೋಡಿದ್ದನಲ್ಲವೆ?